ದೊಡ್ಡದಾದ ದೀಪ

ಬಹಳ ಹಿಂದೆ, ಕಂಚುಗಿರಿ ಅನ್ನೋ ರಾಜ್ಯದಲ್ಲಿ ಒಂದು ಚಿತ್ರಶಾಲೆಯಿತ್ತು. ಗೋಡೆ ತುಂಬ ಸತ್ತವರ ಪಟ, ಪೆಟ್ಟಿಗೆ ತುಂಬ ತಾಳೆಗರಿ. ಪಟದೊಳಗಿನವರು ಮಾತಾಡುತ್ತಿದ್ದರು. ಕಾವಲಿನ ತಿಪ್ಪವ್ವನ ಸತ್ತ ಮಗಳು ನಿಂಗಿಯೂ ಅಲ್ಲಿದ್ದಳು, ಕೈಯಲ್ಲೊಂದು ಬರೆದ ದೀಪ ಹಿಡಿದು. ಆ ದೀಪ ಯಾರನ್ನೂ ಸುಡುತ್ತಿರಲಿಲ್ಲ. ದೀಪವಿದ್ದ ಪಟ ಅವಳದೊಂದೇ; ಅದು ಬೆಳಗುವಷ್ಟು ದಿನ ಅವಳಿಗೆ ಮಾತು.

ಉರಿಗಾಲ ಅಂತ ಹೊಸ ಮಂತ್ರಿ ಬಂದ. ರಾಣಿಯ ಅಂತಃಪುರದ ಬಾಗಿಲಲ್ಲಿ ಅವನ ಪಾದರಕ್ಷೆ ಕಂಡವರು ಎಷ್ಟೋ ಜನ, ಕಾಣದವನು ರಾಜನೊಬ್ಬನೇ. ಇವನು ಮಾಂತ್ರಿಕ, ಇವನ ಪ್ರಾಣ ಉರಿಯಲ್ಲಿದೆ ಅಂತ ಚಿತ್ರಶಾಲೆಯ ಒಂದು ತಾಳೆಗರಿಯಲ್ಲಿ ಬರೆದಿತ್ತು. ಚಿತ್ರಶಾಲೆ ಸುಟ್ಟರೇ ಅವನಿಗೆ ನಿದ್ದೆ.

ಮೊದಲು ಕಿಡಿಹಕ್ಕಿ ಕಳಿಸಿದ. ತಿಪ್ಪವ್ವ ಒದ್ದೆ ಗೋಣಿ ಹಾಕಿ ಅಮುಕಿದಳು. ಆಮೇಲೆ ಉರಿಬಾಲದ ಇಲಿ. ಬಾಗಿಲಲ್ಲಿಟ್ಟ ಮರಳು ಸುರಿದು ಹೂತಳು. ಮೂರನೇ ಸಲ, ಮಟಮಟ ಮಧ್ಯಾಹ್ನ, ದೀಪ ಹಿಡಿದು ರಾಣಿಯೇ ಬಂದಳು, ಹಿಂದೆಯೇ ಮಂತ್ರಿ. ರಾಣಿಯ ಮೇಲೆ ಗೋಣಿ ಹಾಕಲಾದೀತೇ?

“ಹಗಲಲ್ಲಿ ದೀಪ ಯಾಕೆ ತಾಯಿ? ಮಂತ್ರಿಗಳ ಮುಖ ಅಷ್ಟು ಕಪ್ಪೇ?” ಅಂದಳು ತಿಪ್ಪವ್ವ.

“ನಾಲಿಗೆ ಹಿಡಿ, ಮುದುಕಿ,” ಅಂದ ಉರಿಗಾಲ. “ನೀನು ಹೇಳಿದ್ದು ಕೇಳುವ ದೀಪ ಇದು. ಬೇಡವಾದರೆ ಅದಕ್ಕೇ ಹೇಳು.”

ಕಂಚುಗಿರಿಯಲ್ಲಿ ದೀಪಕ್ಕೆ ‘ಆರು’ ಅನ್ನುವಂತಿಲ್ಲ. ಅಂದರೆ ಆ ಸೂರಿನಡಿಯ ದೀಪವೆಲ್ಲ ಆರುತ್ತದೆ, ಬರೆದದ್ದೂ ಸೇರಿ. ಆರಿಸಬೇಕಾದರೆ ‘ದೊಡ್ಡದು ಮಾಡು’ ಅನ್ನುವುದೇ ಅಲ್ಲಿನ ರೂಢಿ.

“ದೊಡ್ಡದಾಗಪ್ಪ,” ಅಂದುಬಿಟ್ಟಳು ತಿಪ್ಪವ್ವ.

ಮಂತ್ರಿ ಹೊರಗಿನಿಂದ ತಂದ ದೀಪಕ್ಕೆ ಊರಿನ ಮಾತಿನ ಮರ್ಯಾದೆ ಏನು ಗೊತ್ತು? ದೊಡ್ಡದಾಗಿಯೇಬಿಟ್ಟಿತು. ಸೂರು ಮುಟ್ಟಿತು. ಸೆರಗು ಹೊತ್ತಿಕೊಂಡ ರಾಣಿ ಹೊರಗೆ ಓಡಿದಳು. ಅವಳ ಕಡೆ ತಿರುಗಿಯೂ ನೋಡದೆ ಮಂತ್ರಿ ಉರಿಯೊಳಗೆ ಹೊಕ್ಕು ನಕ್ಕ. ಗೋಣಿ ಸುಟ್ಟಿತು, ಮರಳು ಮುಗಿಯಿತು. ಪಟಗಳು ಚೀರಿದವು. ಉಳಿದದ್ದು ‘ಆರು’ ಅನ್ನುವ ಆ ಒಂದು ಮಾತು. ತಿಪ್ಪವ್ವ ಮಗಳ ಪಟದ ಕಡೆ ತಿರುಗಿದಳು.

“ಹೇಳವ್ವ,” ಅಂದಳು ನಿಂಗಿ. “ಪಕ್ಕದ ಪಟದಜ್ಜಿ ಬೆಂದರೆ ಮೂರು ತಲೆಮಾರಿನ ಕತೆ ಹೋಗುತ್ತೆ.”

“ನಿನ್ನ ಕತೆ?”

“ನಿನಗೆ ಗೊತ್ತಲ್ಲ.”

“ಆರಿ ಹೋಗು,” ಅಂದಳು ತಿಪ್ಪವ್ವ.

ಉರಿಯೂ ನಿಂಗಿಯ ಕೈಯ ದೀಪವೂ ಒಟ್ಟಿಗೇ ಆರಿದವು, ಉರಿಯೊಳಗಿದ್ದ ಉರಿಗಾಲ ಒಂದು ಹಿಡಿ ಮಸಿಯಾದ. ತಿಪ್ಪವ್ವ ಆ ತಾಳೆಗರಿ ಓದಿಸಿ, ಪಾದರಕ್ಷೆ ಕಂಡವರೂ ಬಾಯಿಬಿಟ್ಟ ಮೇಲೆ ರಾಜನಿಗೂ ಕಣ್ಣು ಬಂತು. ರಾಣಿಯನ್ನು ತವರಿಗೆ ಕಳಿಸಿದ. ರಾಜ್ಯವೆಲ್ಲ ಸುಖವಾಗಿತ್ತು, ಪಟದವರೂ ಸುಖವಾಗಿ ಹರಟುತ್ತಿದ್ದರು. ನಿಂಗಿ ಒಬ್ಬಳು ಮಾತಾಡಲಿಲ್ಲ.

ತಿಪ್ಪವ್ವ ದಿನಾ ಆ ಪಟದ ಮಸಿ ಒರೆಸಿ, ಬಂದವರನ್ನು ಕೂರಿಸಿಕೊಂಡು ಮಗಳ ಕತೆ ಹೇಳುತ್ತಿದ್ದಳು.