ಓದದೆ ತಿರಸ್ಕರಿಸಿದ ಡ್ರೈವರ್

ಲ್ಯಾಬಿನ ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟಳು.

ಒಂದೇ ಮಾನಿಟರಿನ ಮುಂದೆ ಎರಡು ತಲೆ! ಒಂದು ಅವಳ ಸೋಡಾಬುಡ್ಡಿಯದು, ಅದೇ ತಂಡದ ದಪ್ಪ ಕನ್ನಡಕದ ಹುಡುಗನದು. ಇನ್ನೊಂದು ಗ್ರಾಫಿಕ್ಸ್ ಕಾರ್ಡ್ ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಹುಡುಗಿಯದು. ಆ ಹುಡುಗಿ ಏನೋ ಅಂದಳು, ಇವನು ಹೊಟ್ಟೆ ಹಿಡಿದುಕೊಂಡು ನಕ್ಕ.

'ನನ್ನ ಜೊತೆ ಕೂತಾಗ ಮಾತ್ರ ಬಾಯಿಗೆ ಬೀಗ...'

'ಅವಳ' ಸೋಡಾಬುಡ್ಡಿ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಅವನಿಗೆ ತಿಳಿಸುವುದೊಂದು ಬಾಕಿಯಿತ್ತು, ಅಷ್ಟೆ.

ಅವರು ಕಟ್ಟುತ್ತಿದ್ದ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ಲಿಗೆ, ಅಂದರೆ ಅದರ ತಿರುಳಿಗೆ, ಪರದೆಯ ಮೇಲೆ ಚಿತ್ರ ಮೂಡಿಸುವ ಯಾವ ಗ್ರಾಫಿಕ್ಸ್ ಡ್ರೈವರ್ ಸೇರಬೇಕಾದರೂ ಅವಳ ಒಪ್ಪಿಗೆ ಬೇಕು. ಬರೆದವರು ಕೋಡಿನ ಜೊತೆ ತಮ್ಮ ಹೆಸರು ಹಾಕಿ ಕಳಿಸುವುದು ರೂಢಿ. ಆ ಸಂಜೆ ಅವನು ಕಳಿಸಿದ್ದರಲ್ಲಿ ಎರಡು ಹೆಸರಿದ್ದವು. ಅವನದು, ಅದರ ಕೆಳಗೆ ಆ ಹುಡುಗಿಯದು... ಥೇಟ್ ಮದುವೆ ಕಾಗದದ ಹಾಗೆ!

ಹೊಟ್ಟೆಗೆ ಕಿಚ್ಚು ಬಿತ್ತು. ಒಂದು ಸಾಲೂ ಓದದೆ, 'ಗುಣಮಟ್ಟ ಸಾಲದು' ಎಂದು ಇಡೀ ತಂಡಕ್ಕೆ ಕಾಣುವಂತೆ ತಿರಸ್ಕರಿಸಿದಳು.

ಮರುದಿನ ಅವನು ಬರಲಿಲ್ಲ. ಆ ಹುಡುಗಿಯೇ ಬಂದು ಎದುರು ನಿಂತಳು.

"ಅಕ್ಕಾ, ಒಂದ್ಸಲ ಓದಬಹುದಿತ್ತಲ್ವಾ? ಅದು ನಿಮ್ಮದೇ ಡ್ರೈವರ್."

ತಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳೆಯ ಕಾರ್ಡಿಗೆ ಬರೆದಿದ್ದ ಮೊಟ್ಟಮೊದಲ ಡ್ರೈವರ್. ಹೊಸ ಕರ್ನಲ್ಲಿನಲ್ಲಿ ಪರದೆ ಬರೀ ಕಪ್ಪಾಗುತ್ತಿತ್ತು. ಸರಿಪಡಿಸಲು ಬೇಕಾದ ಕಾರ್ಡಿನ ಒಳಗಿನ ವಿವರ ಕಂಪನಿ ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಕಿತ್ತುಹಾಕಲು ಅವಳೇ ಒಪ್ಪಿ, ಮನೆಗೆ ಹೋಗಿ ಅಮ್ಮನ ಮಡಿಲಲ್ಲಿ ಅತ್ತಿದ್ದಳು. ಸೋಡಾಬುಡ್ಡಿ ಕಂಪನಿಯ ಬೆನ್ನು ಬಿದ್ದು ವಿವರ ತರಿಸಿ, ಈ ಹುಡುಗಿಯ ಜೊತೆ ಸೇರಿ ಅದಕ್ಕೆ ಮರುಜೀವ ಕೊಟ್ಟಿದ್ದನಂತೆ. ಈಗ ಮನಸ್ಸು ಮುರಿದು, ಸೌಂಡ್ ತಂಡಕ್ಕೆ ಹೋಗಿ ಕೂತಿದ್ದಾನಂತೆ.

ಅವಳ ಕಣ್ಣು ತುಂಬಿತು. ಕೋಡನ್ನು ಕೊನೆಯವರೆಗೂ ಓದಿದಳು. 'ಓದದೆ ತಿರಸ್ಕರಿಸಿದ್ದೆ, ತಪ್ಪು ನನ್ನದು' ಎಂದು ಎಲ್ಲರಿಗೂ ಕಾಣುವಂತೆ ಬರೆದು, ಒಪ್ಪಿಗೆ ಕೊಟ್ಟು, ಸೌಂಡ್ ತಂಡದ ಕೋಣೆಗೆ ಓಡಿದಳು.

ಅವನು ತಲೆ ಎತ್ತಲಿಲ್ಲ. "ಕೋಡಲ್ಲಿ ಏನು ತಪ್ಪಿತ್ತು?"

"ಏನೂ ಇರಲಿಲ್ಲ. ನಿನ್ನ ಹೆಸರಿನ ಜೊತೆ ಅವಳ ಹೆಸರಿತ್ತು... ನನಗೆ ಸಹಿಸೋಕಾಗಲಿಲ್ಲ."

"ಯಾಕೆ?"

"ನೀನು ನನ್ನವನು ಅಂದ್ಕೊಂಡುಬಿಟ್ಟಿದ್ದೆ. ನಿನ್ನನ್ನ ಒಂದು ಮಾತೂ ಕೇಳದೆ."

ಅವನು ಕನ್ನಡಕ ತೆಗೆದು, ಒದ್ದೆಯಾದ ಕಣ್ಣು ಒರೆಸಿಕೊಂಡ.

"ಕೇಳಬೇಕಿತ್ತು ಕಣೇ. ನಾನಾದ್ರೆ ಓದದೇನೇ ಒಪ್ಪಿಬಿಡ್ತಿದ್ದೆ."