ಇಳಿಯದ ಡಿಕಾಕ್ಷನ್

ಸ್ಪಂದನ ನಮ್ಮ ಜಗಲಿಯಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಇಳಿಸಿದಾಗ, ಯಾವುದೋ ಗೃಹಪ್ರವೇಶದ ಉಡುಗೊರೆ ಇರಬೇಕೆಂದುಕೊಂಡೆ. ತೆರೆದರೆ ಒಳಗಿದ್ದದ್ದು ಕರೆಂಟಿನ ಕಾಫಿ ಮೆಷಿನ್.

"ಟೀಚರ್, ಇದನ್ನ ಬೇಕಂತಲೇ ಕೆಡಿಸ್ತಿದಾರೆ. ಯಾರು ಅಂತಲೂ ನಂಗೆ ಗೊತ್ತು. ವರದಮ್ಮನೋರು ಒಂದ್ಸಲ ನೋಡಿ ಹೌದು ಅಂದ್ರೆ ಸಾಕು, ನಾನು ಆ ಮನೆ ಬಿಡ್ತೀನಿ."

ಸ್ಪಂದನ ನನ್ನ ಹಳೆಯ ವಿದ್ಯಾರ್ಥಿನಿ. ಸೊರಬದ ಹತ್ತಿರದ ಜಡೆ ಎಂಬ ಊರಿನ ತೀರ್ಥೇಶನನ್ನು ಮದುವೆಯಾಗಿ, ಸೊರಬದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ವರದಮ್ಮ ನನ್ನ ಗೆಳತಿ. ಶಿಕಾರಿಪುರದ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಧಾನ್ಯದ ಗುಣಮಟ್ಟ ನೋಡಿ ನಿವೃತ್ತಳಾದವಳು. ಗಂಡಂದಿರು ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಕಳೆದ ಓಲೆ, ಬದಲಾದ ಕುರಿಮರಿ, ಸಹಿಯಿಲ್ಲದ ಪತ್ರ, ಹೀಗೆ ಏನೇ ಇದ್ದರೂ ಜನ ಅವಳ ಹತ್ತಿರ ಬರುತ್ತಿದ್ದರು.

"ಅಳೋದು ಆಮೇಲೆ ಅಳು," ಎಂದಳು ವರದಮ್ಮ. "ಮೊದಲಿಂದ ಹೇಳವ್ವಾ."

ಜಡೆಯ ಮನೆಯಲ್ಲಿ ಕಾಫಿ ಕುಡಿಯುವವರು ಇಬ್ಬರೇ, ಅತ್ತೆ ಹುಚ್ಚಮ್ಮ ಮತ್ತು ಸ್ಪಂದನ. ಮಾವ ಮಂಜಪ್ಪ, ಮಗ ತೀರ್ಥೇಶ್ ಚಹಾದವರು. ಎರಡು ತಿಂಗಳ ಹಿಂದೆ ಹಳೆಯ ಹಿತ್ತಾಳೆ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವುದು ನಿಧಾನವಾಗುತ್ತ ಬಂದು, ಕೊನೆಗೆ ನಿಂತೇಹೋಯಿತು. ತೂತುಗಳು ಮುಚ್ಚಿಹೋಗಿರಬೇಕೆಂದು ಸ್ಪಂದನ ಹೊಸ ಮೆಷಿನ್ ತಂದಳು. ಅದನ್ನು ಆರಿಸಲು ಎರಡು ವಾರ ಹಿಡಿದಿತ್ತಂತೆ. ಬಿದ್ದು ಬಲಗೈ ಮಣಿಕಟ್ಟು ಸೋತಿದ್ದ ಅತ್ತೆಗೆ, ಬಿಗಿಯಾಗಿ ಕೂತ ಫಿಲ್ಟರಿನ ಮೇಲಿನ ಪಾತ್ರೆ ಎಳೆದು ತೆಗೆಯುವ ಕಷ್ಟವಿರಬಾರದು, ಜಗ್ಗು ಹಗುರಾಗಿರಬೇಕು, ಗುಂಡಿ ಒಂದೇ ಇರಬೇಕು.

"ಅಂಗಡೀಲಿ ಮಾಡಿ ತೋರಿಸಿದಾಗ ಚೆನ್ನಾಗೇ ಇತ್ತು. ಮನೇಲಿ ಮಾತ್ರ ದಿನಾ ಉಕ್ಕಿ ಕಟ್ಟೆ ತುಂಬಾ ಹರಿಯುತ್ತೆ. ಜಾಲರಿ ತೆಗೆದು ನೋಡಿದ್ರೆ ಗೋಂದಿನ ಥರ ಅಂಟು. ಕಾಲೇಜಿಗೆ ಹೊತ್ಕೊಂಡು ಹೋಗಿ ಅಲ್ಲಿನ ಪುಡಿ ಹಾಕಿದೆ, ಸರಾಗವಾಗಿ ಇಳೀತು! ಅತ್ತೇನ ಕೇಳಿದ್ರೆ, 'ನಂದೇ ಎಂತದೋ ತಪ್ಪಿರಬೌದು ಬಿಡು' ಅಂದ್ರು. ಒಪ್ಕೊಂಡ ಹಾಗೇ ಆಯ್ತಲ್ಲ? ಸೊರಬದಲ್ಲಿ ಒಂದು ಬಾಡಿಗೆ ಮನೆ ನೋಡಿದೀವಿ. ಭಾನುವಾರ ಸಂಜೆಯೊಳಗೆ ಹೇಳ್ಬೇಕು."

"ಕಾಫಿ ರುಚಿ?" ಎಂದಳು ವರದಮ್ಮ.

"ಸಪ್ಪೆ. ನೀರು ಸರಿಯಾಗಿ ಇಳೀದಿದ್ರೆ ರುಚಿ ಎಲ್ಲಿಂದ ಬರ್ಬೇಕು?"

"ನಿಮ್ಮತ್ತೆ ಏನಂತಾರೆ ರುಚಿಗೆ?"

ಸ್ಪಂದನ ಯೋಚಿಸಿದಳು. "ಏನೂ ಅನ್ನಲ್ಲ. ಮೊದಲೆಲ್ಲ ಪುಡಿ ಎರಡು ದಿನ ಹಳತಾದ್ರೂ ಮೂಗಲ್ಲೇ ಕಂಡುಹಿಡೀತಿದ್ರು."

"ಎರಡು ತಿಂಗಳ ಹಿಂದೆ ಮನೇಲಿ ಬೇರೆ ಏನಾದ್ರೂ ಆಯ್ತಾ?"

"ಏನಿಲ್ಲ. ಅತ್ತೆ ಮಾವ ಕಣ್ಣು ತೋರಿಸೋಕೆ ಶಿವಮೊಗ್ಗಕ್ಕೆ ಹೋಗಿದ್ರು. ಕನ್ನಡಕ ಏನೂ ಬೇಡ ಅಂದ್ರಂತೆ."

ವರದಮ್ಮ ಅಂಗೈಯಲ್ಲಿ ಕಾಣದ ಕಾಳನ್ನು ಉಜ್ಜತೊಡಗಿದಳು. ಅದು ಅವಳು ಯೋಚಿಸುವ ರೀತಿ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಜಡೆಗೆ ಹೋದೆವು. ಹುಚ್ಚಮ್ಮ ನನ್ನ ಮೊಣಕಾಲು ನೋಡಿದವರೇ ಚಾಪೆ ಬಿಟ್ಟು ಕುರ್ಚಿ ತಂದಿಟ್ಟರು, ಎಡಗೈಯಲ್ಲಿ ಎಳೆದುಕೊಂಡು. ಸೊಸೆ ಮುಖ ತಿರುಗಿಸಿಕೊಂಡು ನಿಂತಿದ್ದರೂ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ದನ್ನು ನಾನು ನೋಡಿದೆ.

ವರದಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ಕಾಫಿ ಡಬ್ಬಿಯ ಪುಡಿಯನ್ನು ಬೆರಳಲ್ಲಿ ತಿಕ್ಕಿದಳು. ಆಮೇಲೆ ಎರಡು ಲೋಟ ತಣ್ಣೀರು ಇಟ್ಟು, ಒಂದಕ್ಕೆ ಡಬ್ಬಿಯ ಪುಡಿ, ಇನ್ನೊಂದಕ್ಕೆ ನಾವು ಶಿಕಾರಿಪುರದಿಂದ ತಂದಿದ್ದ ಪುಡಿ ಉದುರಿಸಿದಳು. ನಮ್ಮದು ಮೇಲೆಯೇ ತೇಲಿತು. ಡಬ್ಬಿಯದು ಅರ್ಧ ತೇಲಿ, ಅರ್ಧ ಸರ್ರನೆ ತಳ ಸೇರಿತು. ಡಬ್ಬಿಯ ಎರಡು ಚಮಚ ಪುಡಿಯನ್ನು ಪುಟ್ಟ ಪಾತ್ರೆಯಲ್ಲಿ ಕುದಿಸಿ ತಟ್ಟೆ ಮುಚ್ಚಿದಳು.

"ಈ ಪುಡಿ ತರೋದು ಯಾರ್ರೀ?" ಎಂದು ಅಲ್ಲಿಂದಲೇ ಕೂಗಿ ಕೇಳಿದಳು.

"ನಾನೇ," ಎಂದರು ಹೊರಗಿದ್ದ ಮಂಜಪ್ಪ. "ಮಾರುಕಟ್ಟೆಗೆ ಹೋದಾಗ ಶಿಕಾರಿಪುರದಿಂದ ತರ್ತೀನಿ. ಡಬ್ಬಿಗೆ ತುಂಬೋದೂ ನಾನೇ. ಅದೊಂದು ಕೆಲಸ ಮೊದ್ಲಿಂದ ನಂದು."

ಎಲ್ಲರೂ ನಡುಮನೆಯಲ್ಲಿ ಸೇರಿದರು. ವರದಮ್ಮ ಮುಚ್ಚಿದ ಪಾತ್ರೆಯನ್ನು ನಡುವೆ ಇಟ್ಟಳು.

"ಹಿತ್ತಾಳೆ ಫಿಲ್ಟರಿಗೆ ಕರೆಂಟಿಲ್ಲ, ಮೆಷಿನ್ನಿಗೆ ಹಿತ್ತಾಳೆ ಇಲ್ಲ. ಎರಡಕ್ಕೂ ಒಂದೇ ಕಾಯಿಲೆ. ಇದೇ ಮೆಷಿನ್ ಕಾಲೇಜಿನ ಪುಡಿ ಹಾಕಿದ್ರೆ ಆರೋಗ್ಯವಾಗಿರುತ್ತೆ. ಅಂದ್ಮೇಲೆ ಮೆಷಿನ್ ಕೆಡಿಸಿದೋರು ಯಾರೂ ಇಲ್ಲ ಸ್ಪಂದನಾ. ಕೆಟ್ಟಿದ್ದು ಪುಡಿ." ಅವಳು ತಟ್ಟೆ ಸರಿಸಿದಳು. "ನೋಡಿ."

ಪಾತ್ರೆಯಲ್ಲಿ ಕಂದು ಬಣ್ಣದ್ದೇನೋ ಗಟ್ಟಿಯಾಗಿ ಕೂತಿತ್ತು. ತೀರ್ಥೇಶ್ ಬಗ್ಗಿ ಮೂಸಿದ. "ಇದು ಅಂಬಲಿ ಅಲ್ವೇನ್ರೀ!"

"ಹೌದಪ್ಪಾ. ಕಪ್ಪಗೆ ಹುರಿದು ಬೀಸಿದ ರಾಗಿ. ಬಿಸಿನೀರು ತಾಗಿದ್ರೆ ಅಂಟಾಗಿ ತೂತು ಮುಚ್ಚುತ್ತೆ. ಮೂವತ್ತು ವರ್ಷ ಕಾಳು ತಿಕ್ಕಿದ ಬೆರಳಿಗೆ ಅದು ಗೊತ್ತಾಗದೇ ಇರುತ್ತಾ? ಪುಡಿ ತಂದು ತುಂಬೋರು ಒಬ್ಬರೇ. ಶುರುವಾಗಿದ್ದು ಶಿವಮೊಗ್ಗದ ಡಾಕ್ಟರನ್ನ ನೋಡಿ ಬಂದ ಮೇಲೆ." ಅವಳ ಸ್ವರ ಮೆತ್ತಗಾಯಿತು. "ಮಂಜಪ್ಪನೋರೇ, ತೋರಿಸಿದ್ದು ಕಣ್ಣಲ್ಲ, ಅಲ್ವಾ?"

ಮಂಜಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಎದೆ ಡವಗುಟ್ತೈತೆ ಅಂತ ಹೋಗಿದ್ವಿ. ಕಾಫಿ ದಿನಕ್ಕೆ ಒಂದೇ ಲೋಟ ಅಂದ್ರು ಡಾಕ್ಟ್ರು. ಇವಳು ಕುಡಿಯೋದು ಆರು. ಮಕ್ಕಳಿಗೆ ಹೇಳ್ಬ್ಯಾಡಿ, ಹೆದರ್ತಾವೆ ಅಂತ ಆಣೆ ಹಾಕಿಸ್ಕಂಡ್ಲು. ಕೈಯಿಂದ ಲೋಟ ಕಿತ್ಕಳ್ಳಾಕೆ ನಂಗೆ ಮನಸು ಬರ್ಲಿಲ್ಲ. ವಾರಕ್ಕಿಷ್ಟು ಅಂತ ರಾಗಿ ಜಾಸ್ತಿ ಮಾಡ್ಕಂತ ಬಂದೆ. ಮೆಷಿನ್ ಕೆಡೋದು ಇದ್ರಿಂದ ಅಂತ ನಂಗೇನು ಗೊತ್ತು? ನಾನು ಚಾ ಕುಡಿಯೋನು!"

ಸ್ಪಂದನ ಗೋಡೆಗೆ ಒರಗಿದಳು. "ಹಾಗಾದ್ರೆ ಅತ್ತೆ ಯಾಕೆ ತಮ್ಮದೇ ತಪ್ಪು ಅಂದ್ರು?"

"ಅದನ್ನೇ ನಾನೂ ಕೇಳ್ಕೊಂಡೆ," ಎಂದಳು ವರದಮ್ಮ. "ಪುಡಿಯ ವಯಸ್ಸನ್ನ ಮೂಗಲ್ಲೇ ಹೇಳೋರು ಎರಡು ತಿಂಗಳು ರಾಗಿ ಕುಡಿದು ಒಂದು ಮಾತಾಡಲಿಲ್ಲ ಅಂದ್ರೆ, ಅವರಿಗೆ ಗೊತ್ತಿತ್ತು ಅಂತಲೇ ಅರ್ಥ. ಯಾವತ್ತು ಗೊತ್ತಾಯ್ತು ಹುಚ್ಚಮ್ಮಾ?"

"ಮೊದಲನೇ ದಿನಾನೇ," ಎಂದರು ಹುಚ್ಚಮ್ಮ, ಸೆರಗಿನ ಅಂಚು ಮಡಿಸುತ್ತ. "ಹಿತ್ತಲಲ್ಲಿ ಕದ್ದು ರಾಗಿ ಹುರೀತಿದ್ರು. ಅರ್ಧ ಸೀದಿತ್ತು. ಜೀವಮಾನದಲ್ಲಿ ಒಲೆ ಮುಟ್ಟದ ಮನುಷ್ಯ, ನನ್ನ ಸಲುವಾಗಿ ಬೆರಳು ಸುಟ್ಕಂಡು ಹುರಿದಾರೆ. ಅದನ್ನ ಚೆನ್ನಾಗಿಲ್ಲ ಅಂತ ಹೆಂಗನ್ಲಿ? ಇವರ ಹೆಸರು ಹೇಳಿದ್ರೆ ಕಾಯಿಲೆ ಸುದ್ದೀನೂ ಹೇಳ್ಬೇಕಾಗ್ತಿತ್ತು. ಅದ್ಕೇ ನಂದೇ ತಪ್ಪು ಅಂದೆ. ಈ ಹುಡುಗಿ ಮನೆ ಬಿಡೋ ಮಟ್ಟಕ್ಕೆ ಹೋಗ್ತೈತೆ ಅಂತ ಎಣಿಸಿರ್ಲಿಲ್ಲ."

ಮಂಜಪ್ಪ ಬಾಯಿ ತೆರೆದು ಹೆಂಡತಿಯನ್ನೇ ನೋಡುತ್ತಿದ್ದರು. "ಗೊತ್ತಿದ್ದೂ ಕುಡಿದ್ಯೇನೇ?"

"ಕುಡೀದೇ ಇರ್ತೀನಾ? ನಿಮ್ಮ ಕೈಯಡುಗೆ ಅಂತ ಉಂಡಿದ್ದು ಅದೊಂದೇ."

ತೀರ್ಥೇಶ್ ನಕ್ಕುಬಿಟ್ಟ. ಸ್ಪಂದನ ನಗಲಿಲ್ಲ. ಅವಳು ಅಟ್ಟದಿಂದ ಹಿತ್ತಾಳೆ ಫಿಲ್ಟರ್ ಇಳಿಸಿ, ತೊಳೆದು, ನಾವು ತಂದ ಪುಡಿ ಹಾಕಿ ಕುದಿನೀರು ಸುರಿದಳು. ಕೆಳಗಿನ ಪಾತ್ರೆಗೆ ಹನಿ ಬೀಳುವ ಸದ್ದು ಎಲ್ಲರಿಗೂ ಕೇಳಿಸಿತು.

"ದಿನಕ್ಕೆ ಒಂದೇ ಲೋಟ ಅಂದ್ರೆ ಅದು ಸರಿಯಾದ್ದೇ ಆಗಿರ್ಬೇಕು. ಒಂದು ಲೋಟಕ್ಕೆ ಮೆಷಿನ್ ಬೇಡ, ಇದೇ ಸಾಕು," ಎಂದಳು.

"ಇದರ ಮೇಲಿನ ಪಾತ್ರೆ ಎಳೆಯಾಕೆ ನನ್ನ ಕೈಲಿ ಆಗಲ್ವಲ್ಲ ಮಗಾ."

"ನಾನು ಎಳೆದು ಕೊಡ್ತೀನಿ."

"ದಿನಾ?"

"ದಿನಾ," ಎಂದಳು ಸ್ಪಂದನ.

ತೀರ್ಥೇಶ್ ಫೋನ್ ತೆಗೆದುಕೊಂಡು, ಸೊರಬದ ಮನೆಯವರಿಗೆ ಬೇಡವೆಂದು ಹೇಳಲು ಅಂಗಳಕ್ಕೆ ಹೋದ. ಮಂಜಪ್ಪ ರಾಗಿ ಬೆರೆಸಿದ ಪುಡಿಯ ಡಬ್ಬಿ ಎತ್ತಿಕೊಂಡು ಹಿತ್ತಲ ಕಡೆ ಹೊರಟಿದ್ದರು.

"ಚೆಲ್ಲಬ್ಯಾಡ್ರೀ ಅದನ್ನ," ಎಂದರು ಹುಚ್ಚಮ್ಮ. "ಸಂಜೆಗಿರಲಿ. ನೀವೂ ಒಂದು ಲೋಟ ಕುಡೀರಿ, ಏನು ಕುಡಿಸಿದೀರಿ ಅಂತ ನಿಮಗೂ ಗೊತ್ತಾಗ್ಲಿ."