ಲಿಗಾಯಳ ರಕ್ತದಲ್ಲಿದ್ದದ್ದು

ಮಂಗಳವಾರ ಬೆಳಿಗ್ಗೆ ಸಮರ್ ದ್ವೀಪದ ಬಂದರು ಪೊಲೀಸ್ ಠಾಣೆಗೆ ಬಂದ ನರ್ಸ್ ರೊಸ್ವಿಡಾ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಿನ್ನೆ ಒಬ್ಬ ರೋಗಿಗೆ ಹಾಕಿದ ಸೂಜಿ ನನ್ನ ಕೈಗೇ ಚುಚ್ಚಿತು ಸರ್. ಆ ರೋಗಿಗೆ ಹೆಪಟೈಟಿಸ್ ಬಿ ಇದೆ. ನನಗೆ ಮೂರು ಡೋಸ್ ಲಸಿಕೆ ಆಗಿದೆಯಲ್ಲ ಅಂತ ಧೈರ್ಯವಾಗಿದ್ದೆ. ರಕ್ತ ಪರೀಕ್ಷೆ ಮಾಡಿ ನೋಡಿದ್ರೆ ರಕ್ಷಣೆ ಏನೂ ಇಲ್ವಂತೆ. ಮುಟ್ಟಿದ್ರೆ ಅಂಟಲ್ಲ ಅಂತ ಗೊತ್ತು. ಆದ್ರೂ ಮಗೂನ ಎತ್ಕೊಳ್ಳೋಕೆ ಕೈ ಬರ್ತಿಲ್ಲ.”

“ಕೆಲವರಿಗೆ ಲಸಿಕೆ ಹತ್ತಲ್ಲ ಅಂತಾರಲ್ಲಮ್ಮ?” ಎಂದರು ಇನ್ಸ್‌ಪೆಕ್ಟರ್ ಅಬ್ರೆನಿಕಾ.

“ನನ್ ಜೊತೆ ಹಾಕಿಸ್ಕೊಂಡ ಇನ್ನಿಬ್ಬರಿಗೂ ಹತ್ತಿಲ್ಲ. ಲಸಿಕೇಲೇ ಏನೋ ಮೋಸ ಇದೆ ಸರ್.”

ದೂರು ದಾಖಲಾಯಿತು. ರೊಸ್ವಿಡಾಳನ್ನು ತುರ್ತು ಚುಚ್ಚುಮದ್ದಿಗೆ ನಗರಕ್ಕೆ ಕಳಿಸಲಾಯಿತು. ಅಬ್ರೆನಿಕಾ ಮತ್ತು ಕಾನ್‌ಸ್ಟೇಬಲ್ ನಿಲ್ಡಾ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಪಂಚನಾಮೆ ನಡೆಸಿ, ಉಳಿದ ಲಸಿಕೆ ಶೀಶೆಗಳಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಸಿಬ್ಬಂದಿಯೆಲ್ಲ ಪರೀಕ್ಷೆಗೆ ರಕ್ತ ಕೊಟ್ಟರು. ದಿನವೂ ಸೂಜಿ ಹಿಡಿಯುವವರು ಈಗ ಸೂಜಿ ಕಂಡು ಬೆವರುತ್ತಿದ್ದರು.

ಶುಕ್ರವಾರ ವರದಿ ಬಂತು. ಶೀಶೆಗಳಲ್ಲಿದ್ದುದು ಒಮ್ಮೆ ಹೆಪ್ಪುಗಟ್ಟಿ ಕೆಟ್ಟ ಲಸಿಕೆ. ಆ ಲಸಿಕೆ ಪಡೆದವರಲ್ಲಿ ರಕ್ಷಣೆ ಕಂಡದ್ದು ಒಬ್ಬಳಲ್ಲಿ ಮಾತ್ರ: ಹೆರಿಗೆ ವಾರ್ಡಿನ ನರ್ಸ್ ಲಿಗಾಯ, ಉಗ್ರಾಣ ನೋಡಿಕೊಳ್ಳುವ ಕ್ರಿಸಾಂತೊನ ಹೆಂಡತಿ.

“ನಿಮಗೆ ಲಸಿಕೆ ಎಲ್ಲಿ ಹಾಕಿದ್ರು?” ಎಂದು ಅಬ್ರೆನಿಕಾ ಅವಳನ್ನು ಕೇಳಿದರು.

“ಎಲ್ಲರ ಜೊತೆ ಇಲ್ಲೇ. ಆಮೇಲೆ ನಮ್ಮನೆಯವರು ನಗರಕ್ಕೆ ಕರ್ಕೊಂಡು ಹೋಗಿ ಮತ್ತೆ ಮೂರು ಹಾಕಿಸಿದ್ರು. ಹೆರಿಗೆ ಕೆಲಸ, ರಕ್ತ ಜಾಸ್ತಿ, ಒಂದ್ಸಲ ಸಾಲದು ಅಂದ್ರು…”

ತನ್ನ ಮಾತು ತನಗೇ ಕೇಳಿಸಿ ಲಿಗಾಯ ಬಾಯಿ ಮುಚ್ಚಿಕೊಂಡಳು.

ಕ್ರಿಸಾಂತೊ ಓಡಲಿಲ್ಲ. ಉಗ್ರಾಣದಲ್ಲೇ ಕೂತಿದ್ದ.

“ಲಸಿಕೆ ಕೆಟ್ಟಿದ್ದು ಯಾವಾಗ ಗೊತ್ತಾಯ್ತು?” ಎಂದರು ಅಬ್ರೆನಿಕಾ.

“ಇವರಿಗೆಲ್ಲ ಹಾಕೋಕೆ ಮೊದಲೇ ಸರ್. ಹೋದ ವರ್ಷ ಚಂಡಮಾರುತ ಬಂದಾಗಿಂದ ಕರೆಂಟು ಹೋಗ್ತಾನೇ ಇತ್ತು. ಕೆಡಬಾರದು ಅಂತ ಫ್ರಿಜ್ಜನ್ನ ತೀರಾ ತಣ್ಣಗಿಟ್ಟೆ. ಬೆಳಿಗ್ಗೆ ನೋಡಿದ್ರೆ ಶೀಶೆಗಳೆಲ್ಲ ಕಲ್ಲಾಗಿದ್ವು.”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು?”

“ಹಿಂದೊಂದ್ಸಲ ಔಷಧಿ ಕೆಟ್ಟಾಗ ದೊಡ್ಡ ಡಾಕ್ಟ್ರು ಎಲ್ಲರೆದುರು ಬೈದು ಮರ್ಯಾದೆ ತೆಗೆದ್ರು. ಇನ್ನೊಂದ್ಸಲ ಆದ್ರೆ ಮನೆಗೆ ಹೋಗು ಅಂದ್ರು. ಕರಗಿದ್ಮೇಲೆ ಲಸಿಕೆ ನೋಡೋಕೆ ಚೆನ್ನಾಗೇ ಇತ್ತು.”

“ಹೆಂಡ್ತಿಗೆ ಮಾತ್ರ ಚೆನ್ನಾಗಿ ಕಾಣ್ಲಿಲ್ವೇನಪ್ಪಾ?” ಎಂದಳು ನಿಲ್ಡಾ.

ಅವನು ಬೇಡಿ ಹಾಕಿ ಎಂಬಂತೆ ಎರಡೂ ಕೈ ಮುಂದೆ ಚಾಚಿದ.

ಮಧ್ಯಾಹ್ನ ಬಂಧನವಾಯಿತು. ಹೊಸ ಲಸಿಕೆಗಾಗಿ ಆಸ್ಪತ್ರೆಯ ಕಾರಿಡಾರಿನುದ್ದಕ್ಕೂ ನರ್ಸುಗಳು ಸಾಲುಗಟ್ಟಿದ್ದರು. ಅವರ ನಡುವೆಯೇ ಕ್ರಿಸಾಂತೊನನ್ನು ಜೀಪಿಗೆ ಕರೆದೊಯ್ದರು. ವರ್ಷವಿಡೀ ಅವನು ಹೆದರಿದ್ದು ಬೈಗುಳಕ್ಕೆ. ಒಬ್ಬರೂ ಬೈಯಲಿಲ್ಲ. ಅವನು ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.